ಗಂಟು ಹಾಕಿದ ದಾರ

ಪುಟ್ಟಿ,

ಈ ಪತ್ರವನ್ನು ನಿನ್ನ ದೊಡ್ಡ ಬ್ಯಾಗಿನಲ್ಲಿ ಉಣ್ಣೆ ಕಾಲುಚೀಲಗಳ ಕೆಳಗೆ ಇಡುತ್ತಿದ್ದೇನೆ. ಬಾಯಿಬಿಟ್ಟು ಹೇಳೋಣ ಅಂತ ಎರಡು ಸಲ ನಿನ್ನ ರೂಮಿಗೆ ಬಂದೆ. ನೀನು ಬಟ್ಟೆ ಮಡಚುತ್ತಾ ಕೂತಿದ್ದೆ. ಗಂಟಲು ಕಟ್ಟಿತು, ನೀರು ಬೇಕಾ ಅಂತ ಕೇಳಿ ವಾಪಸ್ ಬಂದೆ.

ಹೊರಗೆ ಮೇ ತಿಂಗಳ ಬಿಸಿಲು. ಬೆಳಿಗ್ಗೆ ಎಂಟಕ್ಕೇ ರೊಟ್ಟಿ ಹಂಚಿನ ಮುಂದೆ ಕೂರಲು ಆಗುತ್ತಿಲ್ಲ. ನೀನು ಹೋಗುವ ಆಸ್ಟ್ರೇಲಿಯಾದ ಜಿಂಡಬೈನ್‌ನಲ್ಲಿ ಈಗ ರಾತ್ರಿ ಸೊನ್ನೆ ಹತ್ತಿರಕ್ಕೆ ಇಳಿಯುತ್ತಿದೆ. ನಿಮ್ಮಪ್ಪ ಹೇಳಿದ್ದು. ಅವರು ಫೋನಿನಲ್ಲಿ ದಾವಣಗೆರೆ ಹವಾಮಾನದ ಕೆಳಗೆ ಆ ಊರಿನದ್ದನ್ನೂ ಹಾಕಿಕೊಂಡಿದ್ದಾರೆ. ಬೆಳಿಗ್ಗೆ ಎದ್ದ ತಕ್ಷಣ ಅದನ್ನೇ ನೋಡುವುದು. ನಿನ್ನ ಹತ್ತಿರ ಹೇಳಿರಲಿಕ್ಕಿಲ್ಲ. ನಾನು ಹೇಳಿದೆ ಅಂತ ಹೇಳಬೇಡ.

ಮೊನ್ನೆ ಮದುವೆ ಮನೆಯಲ್ಲಿ ನಿಮ್ಮ ಸೋದರತ್ತೆ ಎಲ್ಲರ ಎದುರಿಗೇ ಕೇಳಿದರಲ್ಲ, "ಬಿ.ಕಾಂ. ಓದಿಸಿ ಮಗಳನ್ನ ಕೂಲಿಗೆ ಕಳಿಸ್ತೀಯಾ?" ಅಂತ. ನಾನು ಉತ್ತರ ಕೊಡಲಿಲ್ಲ ಅಂತ ನೀನು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದೆ. ನನಗೆ ಬೇಜಾರಾಗಿ ಸುಮ್ಮನಿದ್ದದ್ದಲ್ಲ. ಅವರು ಹೇಳಿದ್ದು ನಿಜ ಅಲ್ವಾ? ಅದು ಕೂಲಿಯೇ. ವರ್ಷಕ್ಕೆ ನಮ್ಮ ದೇಶದ 1,000 ಜನರಿಗೆ ಮಾತ್ರ ಸಿಗುವ ವೀಸಾ, ಲಾಟರಿ ಎತ್ತಿ ಕೊಡುವುದು, ನಿನ್ನ ಹೆಸರು ಬಂತು. ವೀಸಾ ಎಷ್ಟೇ ದೊಡ್ಡದಿರಲಿ, ಅಲ್ಲಿ ಹೋಗಿ ಮಾಡುವುದು ಹಿಮದ ರೆಸಾರ್ಟಿನಲ್ಲಿ ನಾಲ್ಕು ತಿಂಗಳ ಸೀಸನ್ ಕೆಲಸ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸೀಸನ್ ಕೂಲಿ ಅಂದರೆ ಏನು ಅಂತ ನನಗೆ ಗೊತ್ತು. ನಿನಗೆ ಇದುವರೆಗೂ ಹೇಳಿಲ್ಲ, ಇವತ್ತು ಹೇಳುತ್ತೇನೆ.

1998. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಆಗಿತ್ತು. ಆ ವರ್ಷ ಜಗಳೂರು ಕಡೆ ನಮ್ಮ ಹೊಲದ ಶೇಂಗಾ ಕೈಕೊಟ್ಟಿತು. ಬಳ್ಳಿ ಕಿತ್ತರೆ ಬರೀ ಜೊಳ್ಳು. ಊರಿನ ಜನ ಯಾವಾಗಲೂ ಮಾಡುವಂತೆ ಘಟ್ಟಕ್ಕೆ ಹೊರಟರು. ಘಟ್ಟ ಅಂದರೆ ಚಿಕ್ಕಮಗಳೂರು ಕಡೆಯ ಕಾಫಿ ತೋಟ, ಹಣ್ಣು ಕೊಯ್ಲಿಗೆ. ನಾನು, ನಿಮ್ಮ ದೊಡ್ಡಮ್ಮ, ಓಣಿಯ ಒಂದು ಎಂಟು ಜನ. ಮೇಸ್ತ್ರಿ ಅಡ್ವಾನ್ಸ್ ಕೊಟ್ಟು ಲಾರಿ ಹತ್ತಿಸಿಕೊಂಡು ಹೋದ.

ಲೈನ್ ಮನೆಯಲ್ಲಿ ಒಂದು ಕೋಣೆಗೆ ಆರು ಜನ ಹೆಂಗಸರು. ಡಿಸೆಂಬರ್ ಚಳಿ. ಬಯಲುಸೀಮೆಯವರಿಗೆ ಆ ಚಳಿಯೇ ದೊಡ್ಡದು. ಬೆಳಿಗ್ಗೆ ಗಿಡಕ್ಕೆ ಕೈ ಹಾಕಿದರೆ ಎಲೆ ಮೇಲಿನ ಇಬ್ಬನಿ ತೋಳಿನೊಳಕ್ಕೆ ಇಳಿಯುತ್ತಿತ್ತು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೆಂಪು ಹಣ್ಣು ಮಾತ್ರ ಬಿಡಿಸಬೇಕು, ಹಸಿರು ಕಾಯಿ ಬಂದರೆ ಬೈಗುಳ. ಸಂಜೆ ಅಳತೆ. ಹಣ್ಣಿನ ಅಂಟು ಒಣಗಿ ಬೆರಳುಗಳು ಒಂದಕ್ಕೊಂದು ಹತ್ತಿಕೊಳ್ಳುತ್ತಿದ್ದವು, ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಆದರೂ ಸುಳ್ಳು ಯಾಕೆ ಹೇಳಲಿ, ನಾನು ಅಲ್ಲಿ ಖುಷಿಯಾಗಿದ್ದೆ. ಮೊದಲ ಸಲ ಮನೆ ಬಿಟ್ಟು ಹೊರಗಿದ್ದೆ. ರಾತ್ರಿ ಒಲೆ ಸುತ್ತ ಕೂತು ಬೇರೆ ಬೇರೆ ಊರಿನ ಹೆಂಗಸರು ಹಾಡು ಹೇಳುತ್ತಿದ್ದರು. ನೀನು ಹೋಗಬೇಕು ಅಂದಾಗ ನಾನು ಬೇಡ ಅನ್ನದೇ ಇದ್ದದ್ದು ಆ ಒಲೆಯ ನೆನಪಿನಿಂದ.

ಫೆಬ್ರವರಿಯಲ್ಲಿ ಬಟವಾಡೆ. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ತೆರೆದು ನನ್ನ ಹೆಸರಿನ ಮುಂದೆ 41 ದಿನ ಅಂದರು. ನನ್ನ ಲೆಕ್ಕದಲ್ಲಿ 47. ಜ್ವರ ಬಂದು ಮೂರು ದಿನ ಮಲಗಿದ್ದೆ, ಅದನ್ನು ಕಳೆದೇ 47. ಆದರೆ ಲೆಕ್ಕ ಎಲ್ಲಿತ್ತು? ನನ್ನ ತಲೆಯಲ್ಲಿತ್ತು. "ಯಾವ ಯಾವ ದಿನ ಹೇಳು" ಅಂದರು. ನಾನು ತಡವರಿಸಿದೆ. ಹಿಂದೆ ಸಾಲಿನಲ್ಲಿ ನಿಂತವರು ಬೇಗ ಬೇಗ ಅನ್ನುತ್ತಿದ್ದರು. ಕೊಟ್ಟಷ್ಟು ತೆಗೆದುಕೊಂಡು ಪಕ್ಕಕ್ಕೆ ಸರಿದೆ.

ನನ್ನ ಹಿಂದೆ ನಮ್ಮ ಓಣಿಯ ಅಜ್ಜಿ ಇದ್ದರು. ಅಕ್ಷರ ಗೊತ್ತಿಲ್ಲ, ಹೆಬ್ಬೆಟ್ಟು. ಅವರಿಗೂ ನಾಲ್ಕು ದಿನ ಕಡಿಮೆ ಬಂತು. ಅಜ್ಜಿ ಮಾತಾಡಲಿಲ್ಲ. ಎಲೆಅಡಿಕೆ ಸಂಚಿ ಬಿಚ್ಚಿ ಒಂದು ಕಪ್ಪು ದಾರ ತೆಗೆದು ಮೇಜಿನ ಮೇಲೆ ಉದ್ದಕ್ಕೆ ಇಟ್ಟರು. ದಾರದ ತುಂಬ ಗಂಟು. ಪೂರ್ತಿ ದಿನಕ್ಕೆ ಬಿಗಿ ಗಂಟು, ಅರ್ಧ ದಿನಕ್ಕೆ ಸಡಿಲ ಗಂಟು, ಭಾನುವಾರ ಸಂತೆಗೆ ಹೋದಲ್ಲಿ ಒಂದು ಬೆರಳು ಜಾಗ ಖಾಲಿ. ಹೆಬ್ಬೆರಳಿನಿಂದ ಒಂದೊಂದೇ ಗಂಟು ಒತ್ತುತ್ತಾ ಎಣಿಸಿದರು. ರೈಟರ್ ತಮ್ಮ ಪುಸ್ತಕ ಮತ್ತೆ ತಿರುವಿದರು. ನಾಲ್ಕು ದಿನದ ಕೂಲಿ ಅಜ್ಜಿಗೆ ಸಿಕ್ಕಿತು. ರೈಟರ್ ಬೇಕಂತ ಬಿಟ್ಟಿದ್ದರೋ ಮರೆತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ. ಓದು ಬಂದ ನನ್ನ ಹತ್ತಿರ ಬರೆದದ್ದು ಇರಲಿಲ್ಲ, ಓದು ಬಾರದ ಅಜ್ಜಿಯ ಹತ್ತಿರ ಇತ್ತು. ಆ ಆರು ದಿನದ ದುಡ್ಡಿನಲ್ಲಿ ನಿಮ್ಮ ಅಜ್ಜಿಗೆ ಒಂದು ಸೀರೆ ತರುತ್ತೇನೆ ಅಂದುಕೊಂಡಿದ್ದೆ. ಆಗಲಿಲ್ಲ.

ನಮ್ಮ ರೊಟ್ಟಿ ಲೆಕ್ಕದ ಪುಸ್ತಕ ನೋಡಿ ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ಹಾಸ್ಟೆಲಿಗೆ ಕೊಟ್ಟ ಹತ್ತು ರೊಟ್ಟಿಯನ್ನೂ ಯಾಕೆ ಬರೀತೀಯಮ್ಮ ಅಂತ. ಇದಕ್ಕೇ.

ಅದಕ್ಕೇ ನಿನ್ನ ಬ್ಯಾಗಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದೇನೆ. ನಿನ್ನ ಹಾಜರಿ ನೀನೇ ಬರೆದುಕೊ. ಎಷ್ಟು ಗಂಟೆಗೆ ಹೋದೆ, ಎಷ್ಟು ಗಂಟೆಗೆ ಬಿಟ್ಟೆ, ನಡುವೆ ಊಟಕ್ಕೆ ಎಷ್ಟು ಹೊತ್ತು. ಫೋನಿನಲ್ಲಿ ಬರೆದರೂ ಸರಿ, ಆದರೆ ಪುಸ್ತಕದಲ್ಲೂ ಇರಲಿ. ರಾತ್ರಿ ಮಲಗುವ ಮುಂಚೆ ಎರಡು ನಿಮಿಷದ ಕೆಲಸ.

ಅಲ್ಲಿಯ ಕಾನೂನು ಒಳ್ಳೆಯದಿದೆ, ನೀನೇ ಓದಿ ಹೇಳಿದೆಯಲ್ಲ. ಸಂಬಳ ಕೊಟ್ಟ ಒಂದು ಕೆಲಸದ ದಿನದೊಳಗೆ ಸಂಬಳದ ಚೀಟಿ ಕೊಡಬೇಕು. ಕನಿಷ್ಠ ಕೂಲಿ 2025ರ ಜುಲೈಯಿಂದ ಗಂಟೆಗೆ 24.95 ಡಾಲರ್. ನಿನ್ನಂಥ ಕ್ಯಾಶುಯಲ್, ಅಂದರೆ ಕೆಲಸ ಇದ್ದಾಗ ಮಾತ್ರ ಕರೆಯುವ, ಕೆಲಸಗಾರರಿಗೆ ಅದರ ಮೇಲೆ ಕಾಲು ಭಾಗ ಜಾಸ್ತಿ. ಹಿಮದ ರೆಸಾರ್ಟಿನ ಕೆಲಸಗಾರರಿಗೆ ಅಂತಲೇ ಪ್ರತ್ಯೇಕ ವೇತನದ ನಿಯಮವೂ ಇದೆ ಅಂದೆ. ಒಂದು ವಿಷಯ ಮಾತ್ರ ಮರೆಯಬೇಡ. ಅಲ್ಲಿ ಕೂಲಿ ದರ ಪ್ರತಿ ವರ್ಷ ಜುಲೈ 1ಕ್ಕೆ ಬದಲಾಗುತ್ತದೆ. ನಿನ್ನ ಸೀಸನ್ ಜೂನಿನಲ್ಲಿ ಶುರು. ಅಂದರೆ ನೀನು ಕೆಲಸಕ್ಕೆ ಸೇರಿ ಮೂರ್ನಾಲ್ಕು ವಾರಕ್ಕೇ ದರ ಬದಲು. ಜುಲೈಯ ಮೊದಲ ಚೀಟಿ ಬಂದಾಗ ಜೂನಿನದ್ದನ್ನು ಪಕ್ಕದಲ್ಲಿ ಇಟ್ಟುಕೊಂಡು ನೋಡು. ರೂಮಿನ ಬಾಡಿಗೆ ಅಂತ ಹಿಡಿದುಕೊಂಡರೆ ಎಷ್ಟು, ಯಾವುದಕ್ಕೆ, ನೀನು ಸಹಿ ಮಾಡಿದ ಕಾಗದದಲ್ಲಿ ಅದು ಇದೆಯಾ, ನೋಡು. ತಪ್ಪಿದ್ದರೆ ಸಮಾಧಾನದಿಂದ ಕೇಳು. ಕೇಳಿದರೂ ಆಗದಿದ್ದರೆ ಫೇರ್ ವರ್ಕ್ ಒಂಬುಡ್ಸ್‌ಮನ್ ಅನ್ನುವ ಸರ್ಕಾರಿ ಕಚೇರಿ ಇದೆ ಅಂದೆಯಲ್ಲ, ಅಲ್ಲಿ ಹೇಳು. ಸಂಕೋಚ ಬೇಡ. ನಾನು ಸಂಕೋಚಕ್ಕೇ ಆರು ದಿನ ಕಳೆದುಕೊಂಡದ್ದು. ಮತ್ತೆ, ಪಾಸ್‌ಪೋರ್ಟ್ ಯಾರ ಕೈಗೂ ಇಟ್ಟುಕೊಳ್ಳಲು ಕೊಡಬೇಡ. ಯಾರು ಎಷ್ಟೇ ಒಳ್ಳೆಯವರಾಗಿ ಕಂಡರೂ ಸರಿ.

ಹಿಮ ಬೀಳದಿದ್ದರೆ ಏನು ಅಂತ ನಾನು ಕೇಳಿದ್ದಕ್ಕೆ ನೀನು ನಕ್ಕೆ. ಮಳೆ ನಂಬಿ ಬಿತ್ತಿದವರ ಮಗಳು ನಾನು, ನನಗೆ ಮೊದಲು ಬರುವುದೇ ಆ ಪ್ರಶ್ನೆ. ಆಮೇಲೆ ನೀನೇ ಹುಡುಕಿ ಹೇಳಿದೆ. ಜೂನಿನ ಎರಡನೇ ವಾರ ಸೀಸನ್ ಶುರು ಅಂತ ಕ್ಯಾಲೆಂಡರಿನಲ್ಲಿ ಇರುತ್ತದೆ, ಆದರೆ ಕೆಲವು ವರ್ಷ ಆಗ ಬೆಟ್ಟ ಇನ್ನೂ ಹುಲ್ಲೇ. ರಾತ್ರಿ ಚಳಿ ಸಾಕಷ್ಟಿದ್ದರೆ ಮೆಷಿನ್‌ನಿಂದ ನೀರು ಚಿಮ್ಮಿಸಿ ಹಿಮ ಮಾಡುತ್ತಾರಂತೆ, ಚಳಿ ಇಲ್ಲದಿದ್ದರೆ ಅದೂ ಇಲ್ಲ. ಹಿಮ ಇಲ್ಲ ಅಂದರೆ ಶಿಫ್ಟ್ ಇಲ್ಲ. ಶಿಫ್ಟ್ ಇಲ್ಲ ಅಂದರೆ ಕ್ಯಾಶುಯಲ್ ಕೆಲಸಗಾರಳಿಗೆ ದುಡ್ಡೂ ಇಲ್ಲ, ಬಾಡಿಗೆ ಮಾತ್ರ ಓಡುತ್ತಿರುತ್ತದೆ. ಆದ್ದರಿಂದ ವೀಸಾಕ್ಕೆ ಅಂತ ಬ್ಯಾಂಕಿನಲ್ಲಿ ತೋರಿಸಿದ ದುಡ್ಡನ್ನು ಮೊದಲ ತಿಂಗಳು ಮುಟ್ಟಬೇಡ. ಬಿತ್ತನೆ ಬೀಜ ಅಂದುಕೊ. ಉಪವಾಸ ಇದ್ದರೂ ಅದನ್ನು ಹುರಿದು ತಿನ್ನುವ ಹಾಗಿಲ್ಲ.

ನೀನು ತೋರಿಸಿದ ವಿಡಿಯೋ ನಾನು ಮತ್ತೆ ಮತ್ತೆ ನೋಡಿದೆ. ಜನರನ್ನು ಕುರ್ಚಿಯಲ್ಲಿ ಕೂರಿಸಿ ಬೆಟ್ಟ ಹತ್ತಿಸುವ ಚೇರ್ ಲಿಫ್ಟ್ ಹತ್ತಿರ ನಿಂತ ಆ ಹುಡುಗಿ ಬೆಳಿಗ್ಗೆ ಸಲಿಕೆ ಹಿಡಿದು ಹಿಮ ಎಳೆದು ನೆಲ ಸಮ ಮಾಡುತ್ತಾಳೆ, ಕುರ್ಚಿ ಮೇಲಿನ ಹಿಮ ಕೊಡವುತ್ತಾಳೆ, ಆಮೇಲೆ ಬಂದವರನ್ನು ಒಬ್ಬೊಬ್ಬರನ್ನಾಗಿ ಕೂರಿಸುತ್ತಾಳೆ. ಒಂದು ಮಗು ಜಾರಿತು. ಅವಳ ಒಂದು ಕೈ ಮಗುವಿನ ಕಡೆ ಹೋಯಿತು, ಇನ್ನೊಂದು ಕೈ ನಿಲ್ಲಿಸುವ ಬಟನ್ ಮೇಲೆ. ನಾನು ಅದನ್ನೇ ನೋಡಿದ್ದು. ನಿನ್ನ ಕೆಲಸ ಅದು. ದಿನವಿಡೀ ಕುರ್ಚಿ ಬರುತ್ತವೆ, ಹೋಗುತ್ತವೆ, ಬೇಸರ ಬರುತ್ತದೆ, ಕೈ ಜೇಬಿಗೆ ಹೋಗುತ್ತದೆ, ಜೇಬಿನಲ್ಲಿ ಫೋನ್ ಇರುತ್ತದೆ. ತೆಗೆಯಬೇಡ. ಆ ಮಗುವಿನ ತಾಯಿ ನಿನ್ನನ್ನು ನಂಬಿ ಕೆಳಗೆ ನಿಂತಿರುತ್ತಾಳೆ.

ಬಟ್ಟೆ ವಿಷಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಹತ್ತಿ ಬನಿಯನ್ ಬೆವರಿಗೆ ಒದ್ದೆಯಾದರೆ ಮೈ ತಣ್ಣಗಾಗುತ್ತದೆ, ಒಳಗೆ ಉಣ್ಣೆಯದ್ದೇ ಹಾಕು. ಹತ್ತಿ ಮಿಲ್ಲುಗಳ ಊರಿನವರು ನಾವು, ಹತ್ತಿ ಬೇಡ ಅಂತ ಬರೆಯಲು ಕೈ ಬರುವುದಿಲ್ಲ, ಆದರೂ ಬರೆದೆ. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚು, ಹಿಮದ ಮೇಲಿನ ಬಿಸಿಲು ಕೆಳಗಿನಿಂದಲೂ ಸುಡುತ್ತದಂತೆ. ರಜೆ ದಿನ ಸ್ಕೀಯಿಂಗ್ ಕಲಿ, ಖಂಡಿತ ಕಲಿ. ಅಷ್ಟು ದೂರ ಹೋಗಿ ಬೆಟ್ಟದ ಬುಡದಲ್ಲೇ ನಿಂತು ಬಂದರೆ ನನಗೇ ಬೇಜಾರು. ಹೆಲ್ಮೆಟ್ ಹಾಕಿಕೊ. ಮೊದಲು ಸಣ್ಣ ಇಳಿಜಾರು. ಜೊತೆಯವರ ಮುಂದೆ ಸುಮ್ನೆ ಜೋರು ತೋರಿಸಲು ಗುರುತು ಹಾಕಿದ ದಾರಿ ಬಿಟ್ಟು ಹೋಗಬೇಡ. ಇನ್ಶೂರೆನ್ಸ್ ಕಾಗದದಲ್ಲಿ ಸ್ಕೀಯಿಂಗ್ ಸೇರಿದೆಯಾ ಅಂತ ಹೊರಡುವ ಮುಂಚೆ ಇನ್ನೊಂದು ಸಲ ನೋಡು. ಕಾಲು ಮುರಿದ ಮೇಲೆ ಓದುವುದಲ್ಲ ಅದು.

ಆ ಬೆಟ್ಟದ ಸೀಮೆಯ ಒಂದು ಕಥೆ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಹಳೆಯ ಜಿಂಡಬೈನ್ ಈಗ ಕೆರೆಯ ಕೆಳಗಿದೆ ಅಂದೆಯಲ್ಲ, 1960ರ ದಶಕದಲ್ಲಿ ಅಣೆಕಟ್ಟಿಗೆ ಅಂತ ಊರನ್ನೇ ಮೇಲಕ್ಕೆ ಎತ್ತಿಟ್ಟರಂತೆ. ಆ ಅಣೆಕಟ್ಟೂ ಸೇರಿದ ಸ್ನೋಯಿ ಮೌಂಟನ್ಸ್ ನೀರಿನ ಯೋಜನೆಗೆ 1949ರಿಂದ 1974ರವರೆಗೆ ಒಂದು ಲಕ್ಷಕ್ಕೂ ಹೆಚ್ಚು ಜನ ದುಡಿದರು, ಮೂವತ್ತಕ್ಕೂ ಹೆಚ್ಚು ದೇಶದವರು, 121 ಜನ ಕೆಲಸದಲ್ಲೇ ಪ್ರಾಣ ಬಿಟ್ಟರು. ಹಿರಿಯೂರಿನ ಹತ್ತಿರ ನಮ್ಮ ಮಾರಿಕಣಿವೆಗೆ ಹೋದಾಗ ನಿನಗೆ ನೆನಪಿದೆಯಾ, ಆ ಕಲ್ಲಿನ ಕಟ್ಟೆಯ ಮೇಲೆ ಕೈಯಾಡಿಸಿ "ಇದನ್ನ ಯಾರು ಹೊತ್ತರಮ್ಮ" ಅಂತ ಕೇಳಿದ್ದೆ. ನಾನು ಮಹಾರಾಜರ ಕಾಲದ್ದು ಅಂದೆ. ನೀನು ಕೇಳಿದ್ದು ಅದಲ್ಲ ಅಂತ ಈಗ ಅರ್ಥವಾಗುತ್ತದೆ. ರಜೆ ದಿನ ಆ ಕೆರೆ ದಂಡೆಗೆ ಹೋಗು. ನನ್ನ ಪರವಾಗಿ ನೀರು ಮುಟ್ಟು.

ನೀನು ಅಲ್ಲಿ ಚಳಿಯಲ್ಲಿರುವಾಗ ಇಲ್ಲಿ ಮುಂಗಾರು. ಕಾರಹುಣ್ಣಿಮೆ, ನಾಗರ ಪಂಚಮಿ, ಗಣಪತಿ ಎಲ್ಲ ನೀನಿಲ್ಲದೇ ಆಗುತ್ತವೆ. ಪಂಚಮಿಗೆ ಉಂಡಿ ಕಟ್ಟುವಾಗ ಪಾಕ ನೋಡಲು ನೀನೇ ಇರಬೇಕಿತ್ತು, ನನಗೆ ಎಳೆ ಪಾಕ ಯಾವತ್ತೂ ಸರಿಯಾಗಿ ಬಂದಿಲ್ಲ. ಫೋನ್ ಮಾಡಿದಾಗ ಬರೀ ಚೆನ್ನಾಗಿದೀನಿ ಅನ್ನಬೇಡ. ಏನು ತಿಂದೆ, ಯಾರ ಜೊತೆ ತಿಂದೆ, ಅದನ್ನು ಹೇಳು. ರೂಮಿನವರ ಜೊತೆ ಜಗಳವಾದರೆ ಅದನ್ನೂ ಹೇಳು. ಸಾಕು, ಬಂದುಬಿಡುತ್ತೇನೆ ಅನ್ನಿಸಿದರೆ ಅದನ್ನಂತೂ ಹೇಳಲೇಬೇಕು. ಟಿಕೆಟ್ ದುಡ್ಡು ಬೇರೆ ಎತ್ತಿಟ್ಟಿದ್ದೇವೆ, ಯಾರೂ ಒಂದು ಮಾತು ಆಡುವುದಿಲ್ಲ.

ಕೊನೆಗೆ ಡಬ್ಬಿ ವಿಷಯ. ಶೇಂಗಾ ಚಟ್ನಿಪುಡಿ ಒಂದು, ಕಡಕ್ ರೊಟ್ಟಿ ಇಪ್ಪತ್ತೈದು. ವಿಮಾನದಲ್ಲಿ ಕೊಡುವ ಕಾಗದದಲ್ಲಿ ತಿನ್ನುವ ಪದಾರ್ಥ ಇದೆಯಾ ಅಂತ ಕೇಳುತ್ತಾರಂತೆ. ಇದೆ ಅಂತಲೇ ಬರೆ, ಮುಚ್ಚಿಟ್ಟರೆ ಭಾರಿ ದಂಡ. ಎರಡು ಡಬ್ಬಿಯ ಮೇಲೂ ಏನೇನು ಹಾಕಿದ್ದೇನೆ ಅಂತ ಇಂಗ್ಲಿಷಿನಲ್ಲಿ ಬರೆಸಿ ಅಂಟಿಸಿದ್ದೇನೆ. ಮುಚ್ಚಳ ತೆಗೆದು ತೋರಿಸು. ಬಿಟ್ಟರೆ ತಿನ್ನು, ತೆಗೆದುಕೊಂಡರೆ ಬೇಜಾರು ಮಾಡಿಕೊಳ್ಳಬೇಡ, ಬಂದ ಮೇಲೆ ಬಿಸಿಬಿಸಿ ತಟ್ಟಿಕೊಡುತ್ತೇನೆ. ನೋಟ್‌ಬುಕ್ಕಿನ ಮೊದಲ ಹಾಳೆಗೆ ಗೆರೆ ಹಾಕಿದ್ದೇನೆ. ತಾರೀಕು, ಹೋದದ್ದು, ಬಿಟ್ಟದ್ದು. ಬೆನ್ನಿಗೆ ಒಂದು ಕಪ್ಪು ದಾರ ಕಟ್ಟಿದ್ದೇನೆ, ಅದರಲ್ಲಿ ಇನ್ನೂ ಒಂದು ಗಂಟೂ ಇಲ್ಲ.

ನಿನ್ನ
ಅಮ್ಮ