ಡೈಯರ್ ಬೇರೆ, ಓಡ್ವೈರ್ ಬೇರೆ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಜಲಿಯನ್‌ವಾಲಾ ಬಾಗ್ ಬಗ್ಗೆ ಲೇಖನಗಳು ಬರುತ್ತವೆ. ಬರಲೇಬೇಕು. ಆದರೆ ‘ಗುಂಡು ಹಾರಿಸಿದ ಡೈಯರ್‌ನನ್ನು ಉಧಮ್ ಸಿಂಗ್ ಲಂಡನ್ನಿಗೆ ಹೋಗಿ ಕೊಂದ’ ಎಂಬ ಮಾತು ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಅದು ತಪ್ಪು.

1919ರ ಏಪ್ರಿಲ್ 13ರಂದು ಅಮೃತಸರದಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟವನು ರೆಜಿನಾಲ್ಡ್ ಡೈಯರ್. ಅವನು 1927ರಲ್ಲೇ ಇಂಗ್ಲೆಂಡಿನಲ್ಲಿ ಕಾಯಿಲೆಯಿಂದ ಸತ್ತ. ಉಧಮ್ ಸಿಂಗ್ 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಕೊಂದದ್ದು ಮೈಕಲ್ ಓಡ್ವೈರ್‌ನನ್ನು. ಐರ್ಲೆಂಡಿನ ಟಿಪ್ಪರರಿಯವನು, ಹತ್ಯಾಕಾಂಡದ ಹೊತ್ತಿಗೆ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್. ಮಾಡಿದ್ದು ಸರಿ ಎಂದು ಡೈಯರ್‌ಗೆ ಒಪ್ಪಿಗೆ ಹೋದದ್ದು ಈತನ ಕಡೆಯಿಂದಲೇ. ಇಬ್ಬರನ್ನೂ ಒಬ್ಬನೇ ಮಾಡಿಬಿಟ್ಟರೆ ಎಲ್ಲವೂ ಒಬ್ಬ ಕ್ರೂರ ಸೇನಾಧಿಕಾರಿಯ ಕೆಲಸವಾಗಿಬಿಡುತ್ತದೆ. ಅವನ ಬೆನ್ನಿಗೆ ನಿಂತ ಸರ್ಕಾರ ಸಲೀಸಾಗಿ ಜಾರಿಕೊಳ್ಳುತ್ತದೆ, ಅಲ್ವಾ?

ಇನ್ನೊಂದು ವಿಷಯವನ್ನೂ ಹೇಳಬೇಕು. ಓಡ್ವೈರ್ ಎಂದರೆ ನಮಗೆ ಗೊತ್ತಿರುವುದು ಈತನೊಬ್ಬನೇ. ಹೆಸರು ಕೇಳಿದರೇ ಮೈ ಉರಿಯುವುದು ಸಹಜ. ಆದರೆ ಅದು ಟಿಪ್ಪರರಿ ಕಡೆಯ ಹಳೆಯ ಮನೆತನದ ಹೆಸರು. ‘ಓ’ ಬಿಟ್ಟು ಬರೀ ಡ್ವೈರ್ ಎಂದು ಬರೆಯುವವರೂ ಉಂಟು. ಆ ಹೆಸರಿನವರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದವನೂ ಇದ್ದಾನೆ, ಅವನೂ ಮೈಕಲ್ಲೇ. ಐರ್ಲೆಂಡಿನ 1798ರ ದಂಗೆ ಸೋತ ಮೇಲೂ ಈ ಮೈಕಲ್ ಡ್ವೈರ್ ವಿಕ್ಲೋ ಬೆಟ್ಟಗಳಲ್ಲಿ ಐದು ವರ್ಷ ಕೈಗೆ ಸಿಗಲಿಲ್ಲ. 1799ರ ಚಳಿಗಾಲದಲ್ಲಿ ಸೈನಿಕರು ಅವನಿದ್ದ ಹುಲ್ಲುಮನೆಯನ್ನು ಸುತ್ತುವರಿದರು. ಮನೆಗೆ ಬೆಂಕಿ ಬಿತ್ತು. ಆಗಲೇ ಗಾಯಗೊಂಡಿದ್ದ ಗೆಳೆಯ ಸ್ಯಾಮ್ ಮೆಕಾಲಿಸ್ಟರ್ ಬೇಕೆಂದೇ ಬಾಗಿಲಿಗೆ ಬಂದು ನಿಂತ. ಗುಂಡುಗಳೆಲ್ಲ ಅವನಿಗೆ ಬಿದ್ದವು. ಸೈನಿಕರು ಬಂದೂಕಿಗೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಡ್ವೈರ್ ಹಿಮದಲ್ಲಿ ಓಡಿ ತಪ್ಪಿಸಿಕೊಂಡ. ಕೊನೆಗೆ 1803ರಲ್ಲಿ ಶರಣಾದ. ಅವನನ್ನು ಆಸ್ಟ್ರೇಲಿಯಾಕ್ಕೆ ಸಾಗಿಸಿದ ಹಡಗಿನ ಹೆಸರು ‘ಟೆಲಿಚೆರಿ’, ಅಂದರೆ ನಮ್ಮ ಪಕ್ಕದ ತಲಶ್ಶೇರಿ!

ನನಗೆ ಜಾಸ್ತಿ ಗೌರವ ಇರುವುದು ನ್ಯೂಯಾರ್ಕಿನ ಡಾಕ್ಟರ್ ಜೋಸೆಫ್ ಓಡ್ವೈರ್ ಮೇಲೆ. ಆಗ ಗಂಟಲುಮಾರಿ (ಡಿಫ್ತೀರಿಯಾ) ಬಂದ ಮಕ್ಕಳು ಗಂಟಲು ಕಟ್ಟಿ, ಉಸಿರಾಡಲಾಗದೆ ಸಾಯುತ್ತಿದ್ದರು. ಕುತ್ತಿಗೆ ಸೀಳಿ ಉಸಿರಿಗೆ ದಾರಿ ಮಾಡಿದರೂ ಬಹಳ ಮಕ್ಕಳು ಉಳಿಯುತ್ತಿರಲಿಲ್ಲ. ಅನಾಥ ಮಕ್ಕಳ ಆಸ್ಪತ್ರೆಯಲ್ಲಿದ್ದ ಓಡ್ವೈರ್ ವರ್ಷಗಟ್ಟಲೆ ಪ್ರಯತ್ನಿಸಿ, ಬಾಯಿಯ ಮೂಲಕವೇ ಗಂಟಲಿಗೆ ಇಳಿಸುವ ಪುಟ್ಟ ಲೋಹದ ನಳಿಕೆಗಳನ್ನು ರೂಪಿಸಿದರು. 1885ರಲ್ಲಿ ಅದನ್ನು ವೈದ್ಯಲೋಕದ ಮುಂದಿಟ್ಟರು. ಮಗುವಿನ ವಯಸ್ಸಿಗೆ ತಕ್ಕಂತೆ ಬೇರೆ ಬೇರೆ ಅಳತೆಯ ನಳಿಕೆಗಳಿದ್ದವು. ಅದೇ ಊರಿನಲ್ಲಿ ಮುಂದೆ ವಕೀಲ ಪಾಲ್ ಓಡ್ವೈರ್ ಕಪ್ಪು ಜನರಿಗೆ ಬಾಡಿಗೆ ಮನೆ ನಿರಾಕರಿಸುವುದರ ವಿರುದ್ಧ ಹೋರಾಡಿದರು.

ದಯವಿಟ್ಟು ಬರೀ ‘ಓಡ್ವೈರ್’ ಎಂದು ಹಾಕಬೇಡಿ. ಪಂಜಾಬಿನ ಮೈಕಲ್ ಓಡ್ವೈರ್ ಎಂದು ಪೂರ್ತಿ ಹೆಸರು ಹಾಕಿ, ಹುದ್ದೆಯನ್ನೂ ಬರೆಯಿರಿ. ಉಧಮ್ ಸಿಂಗ್ ಲೇಖನದ ಜೊತೆ ಡೈಯರ್‌ನ ಫೋಟೋ ಹಾಕುವುದನ್ನೂ ನಿಲ್ಲಿಸಿ. ಶಾಲೆಯ ಭಾಷಣಕ್ಕೆ ಮಕ್ಕಳು ನಿಮ್ಮ ಪತ್ರಿಕೆಯನ್ನೇ ನೋಡಿ ಬರೆದುಕೊಳ್ಳುತ್ತಾರೆ.

ಇಂತಿ,
ನಿವೃತ್ತ ಇತಿಹಾಸ ಶಿಕ್ಷಕಿ, ತುಮಕೂರು