ಸೇವಾ ಪ್ರವಾಸದ ನಿಯಮಗಳು ಯಾರನ್ನು ಕಾಯುತ್ತವೆ?

ಸಂಪಾದಕರೇ,

ಹದಿಹರೆಯದ ಮಕ್ಕಳನ್ನು ಬೇರೆ ದೇಶಕ್ಕೆ ಸೇವಾ ಪ್ರವಾಸ ಕರೆದುಕೊಂಡು ಹೋಗುವವರು ಎಂಥ ನಿಯಮ ಇಡಬೇಕು ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಪತ್ರಗಳನ್ನು ಓದಿದೆ. ಶಾಲೆಯ ಗೋಡೆ ಕಟ್ಟುವುದು, ಬಣ್ಣ ಬಳಿಯುವುದು, ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು, ಹೀಗೆ ಎರಡು ಮೂರು ವಾರ ಇದ್ದು ಬರುವ ಪ್ರವಾಸಗಳ ಮಾತು ಇದು. ಬರೆದವರೆಲ್ಲ ಶಿಸ್ತು ಶಿಸ್ತು ಅಂದಿದ್ದಾರೆ. ಮೊಬೈಲ್ ಕಿತ್ತಿಟ್ಟುಕೊಳ್ಳಿ, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿಸಿ, ಮೈ ತುಂಬ ಬಟ್ಟೆ ಹಾಕಿಸಿ, ಹುಡುಗ ಹುಡುಗಿಯರನ್ನು ದೂರ ಇಡಿ, ಕುಡಿದು ಸಿಕ್ಕಿಬಿದ್ದರೆ ಮುಂದಿನ ವಿಮಾನ ಹತ್ತಿಸಿ. ಇವೆಲ್ಲ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಕರೆದುಕೊಂಡು ಹೋದವರ ಹೆಸರು ಕೆಡಬಾರದು, ಅಷ್ಟೇ ಅದರಲ್ಲಿರುವ ಕಾಳಜಿ. ಈ ಗುಂಪು ಯಾರ ಊರಲ್ಲಿ ಹೋಗಿ ಇಳಿಯುತ್ತದೋ ಆ ಜನರ ಬಗ್ಗೆ, ಅಲ್ಲಿನ ಮಕ್ಕಳ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ತಕರಾರು ಅದೇ.

ಫೋಟೋ ವಿಷಯವನ್ನೇ ತೆಗೆದುಕೊಳ್ಳಿ. ಮೊಬೈಲ್ ಬೇಡ ಅನ್ನುವವರು ಕೊಡುವ ಕಾರಣ ಏನು? ಮಕ್ಕಳ ಗಮನ ಕೆಲಸದ ಮೇಲೆ ಇರುವುದಿಲ್ಲ ಅಂತ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಹದಿನಾರು ವರ್ಷದ ಹುಡುಗಿಯೊಬ್ಬಳು ಮೂಗು ಸುರಿಯುತ್ತಿರುವ, ಅಂಗಿ ಹರಿದ ಮಗುವನ್ನು ಎತ್ತಿಕೊಂಡು ಸೆಲ್ಫಿ ತೆಗೆದು ಹಾಕುತ್ತಾಳೆ. ಲೈಕುಗಳು ಬೀಳುತ್ತವೆ. ಮಗುವಿನ ಮುಖ, ಊರಿನ ಹೆಸರು, ಕೆಲವೊಮ್ಮೆ ಶಾಲೆಯ ಬೋರ್ಡು ಸಮೇತ ಎಲ್ಲರಿಗೂ ಕಾಣುತ್ತದೆ, ಯಾರ್ಯಾರು ನೋಡುತ್ತಿದ್ದಾರೆ ಅನ್ನುವುದು ಆ ಹುಡುಗಿಗೂ ಗೊತ್ತಿಲ್ಲ, ಮಗುವಿನ ತಾಯಿಗಂತೂ ಫೋಟೋ ತೆಗೆದದ್ದೇ ಗೊತ್ತಿಲ್ಲ. ಈ ಹುಡುಗಿಯದೇ ಆಸ್ಪತ್ರೆ ಹಾಸಿಗೆಯ ಫೋಟೋವನ್ನು ಅಪರಿಚಿತರು ತೆಗೆದು 'ಪಾಪ' ಅಂತ ಬರೆದು ಹಾಕಿದರೆ ಅವಳ ಅಪ್ಪ ಅಮ್ಮ ಸುಮ್ಮನಿರುತ್ತಾರಾ?

ಇದೇನು ನಾನು ಹೊಸದಾಗಿ ಹೇಳುತ್ತಿರುವುದಲ್ಲ. ರೆಡ್ ಕ್ರಾಸ್ ಮತ್ತು ದೊಡ್ಡ ನೆರವು ಸಂಸ್ಥೆಗಳು ಸೇರಿ 1994ರಲ್ಲಿ ವಿಪತ್ತು ಪರಿಹಾರಕ್ಕೆ ಒಂದು ನೀತಿಸಂಹಿತೆ ಮಾಡಿಕೊಂಡವು. ಅದರಲ್ಲಿ ಹತ್ತು ಅಂಶ. ಹತ್ತನೆಯದು ಪ್ರಚಾರದ ಬಗ್ಗೆಯೇ ಇದೆ: ಸಂಕಟದಲ್ಲಿರುವವರನ್ನು ಮರ್ಯಾದೆಯುಳ್ಳ ಮನುಷ್ಯರಾಗಿ ತೋರಿಸಬೇಕು, ಗತಿಯಿಲ್ಲದ ವಸ್ತುಗಳ ಹಾಗೆ ತೋರಿಸಬಾರದು ಅಂತ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಪ್ರತಿ ಮಗುವಿಗೂ ಖಾಸಗಿತನದ ಹಕ್ಕಿದೆ ಅನ್ನುತ್ತದೆ. (ಇಂಥ ಪ್ರವಾಸಗಳು ತುಂಬಾ ಹೊರಡುವ ಅಮೆರಿಕ ಒಂದೇ ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಇದನ್ನು ಅನುಮೋದಿಸದೆ ಉಳಿದಿರುವುದು, ಅದು ಬೇರೆ ಮಾತು.) ವೃತ್ತಿಯಲ್ಲಿರುವ ದೊಡ್ಡವರಿಗೇ ಈ ಕಟ್ಟು ಇರುವಾಗ ಮೊದಲ ಸಲ ಹೊರಟ ಮಕ್ಕಳಿಗೆ ಯಾಕೆ ಇಲ್ಲ? ಗುಂಪಿಗೆ ಒಂದೇ ಕ್ಯಾಮೆರಾ ಇರಲಿ. ಮಕ್ಕಳ ಮುಖ ಗುರುತು ಸಿಗುವ ಹಾಗೆ ತೆಗೆಯುವುದಾದರೆ ಮನೆಯವರನ್ನು ಅವರ ಭಾಷೆಯಲ್ಲಿ ಕೇಳಿ, ಎಲ್ಲಿ ಹಾಕುತ್ತೇವೆ ಅಂತಲೂ ಹೇಳಿ ತೆಗೆಯಲಿ. ಒಂದು ಎಚ್ಚರ ಮಾತ್ರ ಬೇಕು. ಚಾಕಲೇಟು ಹಂಚುತ್ತಾ ಕೇಳಿದರೆ ಅದು ಕೇಳಿದ ಹಾಗಲ್ಲ. ಕೊಡುವ ಕೈಗೆ ಬೇಡ ಅನ್ನುವುದು ಯಾರಿಗಾದರೂ ಕಷ್ಟ.

ಉಡುಗೊರೆ ಮತ್ತು ಮಾತು ಕೊಡುವುದು, ಇವೆರಡೂ ಇದಕ್ಕೆ ಅಂಟಿಕೊಂಡೇ ಬರುತ್ತವೆ. ತನಗೆ ಇಷ್ಟವಾದ ಒಂದು ಮಗುವಿಗೆ ಮಾತ್ರ ಬೂಟು ಕೊಟ್ಟು ಬರುವುದು, ಹೊರಡುವ ದಿನ ಅಳುತ್ತಾ 'ಮುಂದಿನ ವರ್ಷ ಖಂಡಿತ ಬರುತ್ತೇನೆ' ಅನ್ನುವುದು. ಎಷ್ಟು ಜನ ವಾಪಸ್ ಹೋಗುತ್ತಾರೆ ಹೇಳಿ? ಕೊಡುವುದಿದ್ದರೆ ಶಾಲೆಯ ಮೂಲಕ, ಎಲ್ಲರಿಗೂ. ನಂಬರ್ ಬದಲಾಯಿಸಿಕೊಳ್ಳುವುದು ಬೇಡ. ಊರಿಗೆ ಬಂದ ಮೇಲೆ ರಾತ್ರಿ ಹೊತ್ತು ಒಬ್ಬೊಬ್ಬರೇ ಮೆಸೇಜ್ ಮಾಡುತ್ತಾ ಕೂರುವುದು ಎರಡೂ ಕಡೆಯ ಮಕ್ಕಳಿಗೆ ಒಳ್ಳೆಯದಲ್ಲ.

ಇನ್ನು ಅನಾಥಾಶ್ರಮಗಳು. ಇಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳುತ್ತೇನೆ, ಇಲ್ಲಿಗೆ ಎಷ್ಟೇ ಒಳ್ಳೆಯ ನಿಯಮ ಬರೆದರೂ ಉಪಯೋಗವಿಲ್ಲ, ಹೋಗುವುದನ್ನೇ ಬಿಡಬೇಕು. ಕಾಂಬೋಡಿಯಾ, ನೇಪಾಳ ಇಂಥ ಕಡೆ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ವಿದೇಶಿಯರು ಬಂದು ದುಡ್ಡು ಕೊಡುತ್ತಾರೆ ಅಂತಲೇ ಬಡವರ ಮಕ್ಕಳನ್ನು ತಂದು ಕೂಡಿಹಾಕುವ ದಂಧೆ ಬೆಳೆಯಿತು. ಕಾಂಬೋಡಿಯಾದಲ್ಲಿ ಇದರ ವಿರುದ್ಧ 2011ರಲ್ಲೇ 'ಮಕ್ಕಳು ಪ್ರವಾಸಿ ಆಕರ್ಷಣೆಗಳಲ್ಲ' ಅಂತ ಪ್ರಚಾರ ಆಯಿತು. ಆಸ್ಟ್ರೇಲಿಯಾದ ಸಂಸದೀಯ ಸಮಿತಿಯೊಂದು 2017ರಲ್ಲಿ ಆಧುನಿಕ ಗುಲಾಮಗಿರಿಯ ವರದಿಯಲ್ಲಿ ಇದನ್ನೂ ಸೇರಿಸಿತು. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೂ ಅನಾಥಾಶ್ರಮಗಳ ಸ್ವಯಂಸೇವೆಯ ಬಗ್ಗೆ ಎಚ್ಚರಿಸಿತು. ಇಷ್ಟಾದ ಮೇಲೂ ವೇಳಾಪಟ್ಟಿಯಲ್ಲಿ 'ಮಧ್ಯಾಹ್ನ: ಅನಾಥ ಮಕ್ಕಳ ಜೊತೆ ಆಟ' ಅಂತ ಹಾಕುವವರಿದ್ದಾರೆ. ಎರಡು ವಾರ ಮುದ್ದು ಮಾಡಿ ಬಿಟ್ಟು ಹೋಗುವ ಅಕ್ಕ ಅಣ್ಣಂದಿರು ಸಾಲಾಗಿ ಬರುತ್ತಲೇ ಇದ್ದರೆ ಆ ಮಗುವಿಗೆ ಯಾರನ್ನು ನಂಬಬೇಕು ಅಂತ ತಿಳಿಯುವುದಾದರೂ ಹೇಗೆ?

ಆಸ್ಪತ್ರೆ ಕೆಲಸದ್ದೂ ಇದೇ ಕತೆ. ಡಾಕ್ಟರ್ ಆಗುವ ಆಸೆಯಿರುವ ಮಕ್ಕಳಿಗೆ 'ನಿಜವಾದ ಅನುಭವ' ಕೊಡುತ್ತೇವೆ ಅಂತ ಕರೆದುಕೊಂಡು ಹೋಗಿ ಗಾಯಕ್ಕೆ ಹೊಲಿಗೆ ಹಾಕಿಸುವುದು, ಸೂಜಿ ಚುಚ್ಚಿಸುವುದು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಒಕ್ಕೂಟ 2011ರಲ್ಲೇ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ನಿಮ್ಮ ದೇಶದಲ್ಲಿ ನಿಮಗೆ ಅನುಮತಿ ಇಲ್ಲದ ಕೆಲಸವನ್ನು ಅಲ್ಲೂ ಮಾಡಬೇಡಿ ಅಂತ. ಬಡವರ ಮೈಮೇಲೆ ಕಲಿಯುವುದು ಸೇವೆ ಹೇಗಾಗುತ್ತದೆ?

ಈಗ ಶಿಕ್ಷೆಯ ಮಾತು. ತಪ್ಪು ಮಾಡಿದರೆ ತಂದೆ ತಾಯಿಯ ಖರ್ಚಿನಲ್ಲಿ ವಾಪಸ್ ಕಳಿಸುತ್ತೇವೆ ಅನ್ನುವ ಸಾಲು ಇಲ್ಲದ ನಿಯಮಪಟ್ಟಿ ನಾನು ನೋಡಿಲ್ಲ. ಎಲ್ಲ ತಪ್ಪಿಗೂ ಇದೊಂದೇ ಬೆದರಿಕೆ ಇಟ್ಟರೆ ಮಕ್ಕಳು ಏನು ಮಾಡುತ್ತಾರೆ ಗೊತ್ತಾ? ಮುಚ್ಚಿಡುತ್ತಾರೆ. ಬೀದಿ ನಾಯಿಯನ್ನು ಮುಟ್ಟಬೇಡಿ ಅನ್ನುವುದು ಸಾಮಾನ್ಯವಾದ ನಿಯಮ, ಸರಿಯಾದದ್ದೇ. ಆದರೆ ಮರಿಯೊಂದನ್ನು ಎತ್ತಿಕೊಂಡು ಕಚ್ಚಿಸಿಕೊಂಡ ಹುಡುಗ 'ನಿಯಮ ಮುರಿದೆ, ಮನೆಗೆ ಕಳಿಸಿಬಿಡುತ್ತಾರೆ' ಅಂತ ಹೆದರಿ ಸುಮ್ಮನಾಗಿಬಿಟ್ಟರೆ? ಕಚ್ಚಿದ ತಕ್ಷಣ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ತಡ ಮಾಡದೆ ಲಸಿಕೆ ಹಾಕಿಸಿದರೆ ರೇಬೀಸ್ ತಡೆಯಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಜ್ವರ, ಭೇದಿ, ಅಪರಿಚಿತರು ಕೊಟ್ಟ ಪಾನೀಯ, ಯಾರೋ ಮೈ ಮುಟ್ಟಿದ್ದು, ಎಲ್ಲದರಲ್ಲೂ ಹೀಗೇ, ಹೇಳಿದರೆ ತನಗೇ ಶಿಕ್ಷೆ ಅನ್ನಿಸಿದ ಮಗು ಬಾಯಿ ಬಿಡುವುದಿಲ್ಲ. ಹಾಗಾಗಿ ಪಟ್ಟಿಯ ಮೊದಲ ಸಾಲಿನಲ್ಲೇ ಇರಬೇಕು: ಏನೇ ಆದರೂ ಬಂದು ಹೇಳಿದವರಿಗೆ ಹೇಳಿದ್ದಕ್ಕಾಗಿ ಶಿಕ್ಷೆ ಇಲ್ಲ. ಹದಿನೈದರ ಮಗುವನ್ನು ವಾಪಸ್ ಕಳಿಸುವುದೇ ಆದರೆ ವಿಮಾನದಲ್ಲಿ ಜೊತೆಗೆ ಯಾರು ಬರುತ್ತಾರೆ ಅನ್ನುವುದನ್ನೂ ಮೊದಲೇ ಬರೆದಿಡಿ. ಗುಂಪಿನಲ್ಲಿ ಇರುವುದೇ ಇಬ್ಬರು ದೊಡ್ಡವರಾದರೆ, ಒಬ್ಬರು ಹೊರಟ ಮೇಲೆ ಉಳಿದ ಮಕ್ಕಳ ಗತಿಯೇನು?

ಪಾಸ್‌ಪೋರ್ಟುಗಳನ್ನೆಲ್ಲ ಲೀಡರ್ ಇಟ್ಟುಕೊಳ್ಳುವುದು ರೂಢಿ. ಇಟ್ಟುಕೊಳ್ಳಲಿ, ಆದರೆ ಎಲ್ಲಿದೆ ಅಂತ ಮಗುವಿಗೂ ಗೊತ್ತಿರಬೇಕು, ಒಂದು ಜೆರಾಕ್ಸ್ ಮಗುವಿನ ಹತ್ತಿರವೂ ಇರಬೇಕು. ಮೊಬೈಲ್ ಪೂರ್ತಿ ಕಿತ್ತುಕೊಳ್ಳುವುದಕ್ಕೂ ನನ್ನ ವಿರೋಧವಿದೆ. ಮಗುವಿಗೆ ತೊಂದರೆ ಕೊಡುತ್ತಿರುವವರು ಲೀಡರೇ ಆಗಿದ್ದರೆ ಅದು ಮನೆಗೆ ಹೇಗೆ ತಿಳಿಸಬೇಕು?

ಇದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಸೇವೆಗೆ ಬಂದವರ ಮೇಲೆ ಅನುಮಾನವೇ ಅಂತ. ಅನುಮಾನಕ್ಕೆ ಕಾರಣ ಬೇಕಷ್ಟಿದೆ. ನೆರವಿನ ಕೆಲಸದಲ್ಲಿರುವವರಿಂದಲೇ ಲೈಂಗಿಕ ಶೋಷಣೆ ನಡೆಯುತ್ತಿದೆ ಅಂತ ಬಯಲಾದ ಮೇಲೆ ವಿಶ್ವಸಂಸ್ಥೆ 2003ರಲ್ಲಿ ತನ್ನ ಸಿಬ್ಬಂದಿಗೆ ಕಡಕ್ ನಿಯಮ ಮಾಡಿತು. ಹದಿನೆಂಟು ತುಂಬದವರ ಜೊತೆ ಲೈಂಗಿಕ ಸಂಬಂಧ ನಿಷಿದ್ಧ, ಆ ದೇಶದ ಕಾನೂನು ಏನೇ ಹೇಳಲಿ, ವಯಸ್ಸು ಗೊತ್ತಿರಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ ಅಂತ. ಹೈಟಿ ಭೂಕಂಪವಾದ ತಿಂಗಳಲ್ಲೇ, 2010ರ ಜನವರಿ ಕೊನೆಗೆ, ಹತ್ತು ಜನ ಅಮೆರಿಕನ್ನರ ಒಂದು ಗುಂಪು ಸರಿಯಾದ ಕಾಗದಪತ್ರವಿಲ್ಲದೆ 33 ಮಕ್ಕಳನ್ನು ಬಸ್ಸಿನಲ್ಲಿ ಪಕ್ಕದ ದೇಶ ಡೊಮಿನಿಕನ್ ಗಣರಾಜ್ಯಕ್ಕೆ ದಾಟಿಸಲು ಹೋಗಿ ಗಡಿಯಲ್ಲಿ ಸಿಕ್ಕಿಬಿತ್ತು. ಅನಾಥರು ಅಂತ ಹೇಳಲಾಗಿದ್ದ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಹೆತ್ತವರಿದ್ದರು. ಆ ಗುಂಪಿನಲ್ಲಿ ಹದಿಹರೆಯ ದಾಟದವರೂ ಇದ್ದರು, ದೊಡ್ಡವರ ಮಾತು ನಂಬಿ ಹೋದವರು, ಅವರೂ ಜೈಲು ಕಂಡರು. 'ಲೀಡರ್ ಹೇಳಿದ್ದನ್ನು ಪ್ರಶ್ನೆ ಮಾಡದೆ ಪಾಲಿಸಬೇಕು' ಅಂತ ನಿಯಮ ಬರೆಯುವವರು ಇದನ್ನು ನೆನಪಿಟ್ಟುಕೊಳ್ಳಲಿ.

ಅದಕ್ಕೇ ಲೀಡರ್‌ಗಳಿಗೂ ಒಂದು ಪಟ್ಟಿ ಇರಲಿ, ಮಕ್ಕಳ ಪಟ್ಟಿಗಿಂತ ಉದ್ದವಾಗಿರಲಿ. ಸ್ಕೌಟ್ ಸಂಸ್ಥೆಗಳಲ್ಲಿ ದೊಡ್ಡವರು ಯಾವಾಗಲೂ ಇಬ್ಬರಿರಬೇಕು, ಒಬ್ಬರೇ ಒಂದು ಮಗುವಿನ ಜೊತೆ ಕಣ್ಮರೆಯಲ್ಲಿ ಇರಬಾರದು ಅನ್ನುವ ಪದ್ಧತಿ ಇದೆ. ಅದು ತಂಡದ ಮಕ್ಕಳಿಗೂ ಆ ಊರಿನ ಮಕ್ಕಳಿಗೂ ಒಂದೇ ಥರ ಅನ್ವಯಿಸಲಿ. ಮಗುವನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗುವುದು, ಸ್ನಾನ ಮಾಡಿಸುವುದು, ತೊಡೆ ಮೇಲೆ ಕೂರಿಸಿಕೊಳ್ಳುವುದು, ಇವೆಲ್ಲ ಹದಿನೇಳರ ಸ್ವಯಂಸೇವಕನ ಕೆಲಸವಲ್ಲ, ನಲವತ್ತರ ಲೀಡರ್‌ನ ಕೆಲಸವೂ ಅಲ್ಲ. ಅಲ್ಲಿ ಆ ಮಕ್ಕಳನ್ನು ನೋಡಿಕೊಳ್ಳುವವರು ಇದ್ದೇ ಇರುತ್ತಾರೆ.

ಬಟ್ಟೆ, ಕುಡಿತ, ಪ್ರೀತಿ ಪ್ರೇಮ ಇವುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ನಾನು ಸೇರಿಸುವುದು ಒಂದೇ. ಅಲ್ಲಿನ ಕಾನೂನಿನಲ್ಲಿ ಹದಿನೆಂಟಕ್ಕೆ ಕುಡಿಯಬಹುದು ಅಂತ ವಾದ ಮಾಡುವ ಹುಡುಗರಿರುತ್ತಾರೆ. ತಂಡದ ನಿಯಮ ಕಾನೂನಿಗಿಂತ ಬಿಗಿ ಇರಬಹುದು ಅಂತ ಹೊರಡುವ ಮೊದಲೇ ಹೇಳಿದರೆ ಅಲ್ಲಿ ಜಗಳ ಇರುವುದಿಲ್ಲ. ಕಾರಣವನ್ನೂ ಹೇಳಬೇಕು. ಕಾರಣ ಗೊತ್ತಿಲ್ಲದ ನಿಯಮವನ್ನು ಈ ವಯಸ್ಸಿನವರು ಮುರಿಯದೆ ಬಿಡುವುದಿಲ್ಲ, ಅಲ್ವಾ?

ತಂದೆ ತಾಯಿಗಳು ಸಹಿ ಹಾಕುವ ಮೊದಲು ಸಂಘಟಕರ ಹತ್ತಿರ ಎರಡು ವಿಷಯ ಕೇಳಲಿ. ಲೀಡರ್‌ಗಳು ಸಹಿ ಹಾಕಿದ ನಿಯಮಗಳನ್ನು ತೋರಿಸಿ ಅಂತ ಒಂದು. ಆಮೇಲೆ, ಈ ನಿಯಮಗಳು ಆ ಊರಿನವರ ಭಾಷೆಯಲ್ಲಿ ಇವೆಯಾ ಅಂತ. ನಮ್ಮ ಮಕ್ಕಳು ಏನು ಮಾಡಬಾರದು ಅಂತ ಅವರಿಗೂ ಗೊತ್ತಿರಬೇಕು, ಮಾಡಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಗೊತ್ತಿರಬೇಕು. ಆ ನಂಬರ್ ಲೀಡರ್‌ನದ್ದೇ ಆಗಿದ್ದರೆ ಅದರಿಂದ ಪ್ರಯೋಜನವಿಲ್ಲ. ಅಲ್ಲೇ ಇರುವ, ಅವರ ಭಾಷೆ ಬರುವ, ತಂಡದಿಂದ ಸಂಬಳ ಪಡೆಯದ ಒಬ್ಬರದ್ದಿರಬೇಕು. ಶಾಲೆಯ ಗೋಡೆಗೆ ಬಣ್ಣ ಬಳಿಯಲು ಶುರು ಮಾಡುವ ಮೊದಲು ಅದೇ ಗೋಡೆಗೆ ಆ ಹಾಳೆಯನ್ನು ಅಂಟಿಸಲಿ.

ಇತಿ,
ನಿಮ್ಮ ಓದುಗ