ಭಾನುವಾರ ಕುರ್ಚಿ ಪರೀಕ್ಷೆ: 60 ದಾಟಿದವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 6:30ಕ್ಕೆ ವಾಕಿಂಗ್ ಬದಲು, ಕಾಲಿನ ಬಲ ನೋಡುವ ಕುರ್ಚಿ ಪರೀಕ್ಷೆಗೆ ಪಾರ್ಕಿನ ಮಂಟಪದಲ್ಲಿ ಸೇರೋಣ. 60 ದಾಟಿದವರೆಲ್ಲ ಬನ್ನಿ. ಮಂಡಿ ಆಪರೇಷನ್ ಆದವರು ಡಾಕ್ಟರನ್ನು ಕೇಳಿಕೊಂಡು ಬನ್ನಿ.

ಪಕ್ಕದಲ್ಲಿ ಕೈ ಇಲ್ಲದ, 17 ಇಂಚು ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟಿರುತ್ತೇವೆ, ಇಲ್ಲದಿದ್ದರೆ ಹಿಂದಕ್ಕೆ ಜಾರುತ್ತದೆ. ಎದೆ ಮೇಲೆ ಕೈಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರೋ ಅದೇ ಅಂಕ. ಕೈ ಊರಿ ಎದ್ದರೆ ಸೊನ್ನೆ, ಜಗಳ ಬೇಡ! 65–69ರ ಗಂಡಸರು 12ಕ್ಕಿಂತ, ಹೆಂಗಸರು 11ಕ್ಕಿಂತ ಕಡಿಮೆ ಮಾಡಿದರೆ ಬೀಳುವ ಅಪಾಯ ಹೆಚ್ಚು ಎಂದರ್ಥ. ಉಸಿರು ಬಿಗಿಹಿಡಿಯಬೇಡಿ, ಬಿಪಿ ಏರುತ್ತದೆ.

‘ದಿನಾ ನಡೀತೀವಲ್ಲ, ಸಾಲದಾ?’ ಎಂದವರಿಗೆ: ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆಯಲ್ಲಿ ವಾರಕ್ಕೆ 150 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ ಜೊತೆಗೆ 2 ದಿನ ಸ್ನಾಯುಬಲದ ವ್ಯಾಯಾಮ, 65 ದಾಟಿದವರಿಗೆ 3 ದಿನ ಸಮತೋಲನದ್ದೂ ಇದೆ. ಅಮೆರಿಕದಲ್ಲಿ 70–89ರ 1,635 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ‘ಲೈಫ್’ ಅಧ್ಯಯನದಲ್ಲಿ ಇಂಥ ಮಿಶ್ರ ವ್ಯಾಯಾಮದವರಿಗೆ 400 ಮೀಟರ್ ನಡೆಯಲಾಗದ ಸ್ಥಿತಿ ಬರುವ ಅಪಾಯ ಶೇ 18 ತಗ್ಗಿತ್ತು.

ಶುಗರ್ ಮಾತ್ರೆ ತಗೊಳ್ಳೋರು ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಹವಾಯಿ ಚಪ್ಪಲಿ ಬೇಡ, ಶೂ ಹಾಕಿ. ಶುಕ್ರವಾರ ರಾತ್ರಿಯೊಳಗೆ ಹೆಸರು, ವಯಸ್ಸು ಇಲ್ಲೇ ಬರೆಯಿರಿ. ಬರೀ 👍 ಒತ್ತಿದರೆ ಬರ್ತೀರೋ ಇಲ್ಲವೋ ಗೊತ್ತಾಗಲ್ಲ.